ಬೇಸಿಗೆ ಬ್ಯಾಚ್‌ನ ದುಡ್ಡು ಕಟ್ಟಿಸಿಕೊಳ್ಳುವ ಮೊದಲು: ಹಿಮಾಲಯ ಚಾರಣ ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನಲ್ಲಿ ಆಫೀಸು ಇಟ್ಟುಕೊಂಡು ಹಿಮಾಲಯಕ್ಕೆ ಜನರನ್ನು ಕರೆದೊಯ್ಯುವ ಸಂಸ್ಥೆಗಳಿಗೆ, ಚಾರಣ ಕ್ಲಬ್‌ಗಳಿಗೆ, ವಾಟ್ಸಾಪ್ ಗ್ರೂಪ್ ಮಾಡಿಕೊಂಡು ವರ್ಷಕ್ಕೊಮ್ಮೆ ಸ್ನೇಹಿತರನ್ನು ಹೊರಡಿಸುವ ಹವ್ಯಾಸಿಗಳಿಗೆ ಈ ಪತ್ರ. ಸರ್ಕಾರಕ್ಕೂ ಒಂದೆರಡು ಮಾತಿದೆ, ಅದು ಕೊನೆಗೆ.

ಏಪ್ರಿಲ್, ಮೇ, ಜೂನ್ ಬ್ಯಾಚ್‌ಗಳ ಜಾಹೀರಾತು ಆಗಲೇ ಬಂದಿವೆ. ಪಂಗರ್‌ಚುಲ್ಲಾ ಶಿಖರ, ಸರ್ ಪಾಸ್, ರೂಪಿನ್ ಪಾಸ್. ಪಾಸ್ ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ. ಮಕ್ಕಳಿಗೆ ರಜೆ, ಇಲ್ಲಿ ಸೆಕೆ, ಅಲ್ಲಿ ಇನ್ನೂ ಹಿಮ. ಹೋಗಬೇಕು ಅನ್ನಿಸುವುದು ಸಹಜ. ನಾನೂ ಹೋಗುವವನೇ. ಜಾಹೀರಾತಿನಲ್ಲಿ ಎತ್ತರ ಎಷ್ಟು ಅಂತ ಇದೆ, ಎಷ್ಟು ದಿನ ಅಂತ ಇದೆ. ಟೆಂಟಿಗೆ ಎಷ್ಟು ಜನ, ಊಟಕ್ಕೆ ಏನು, ಬ್ಯಾಗ್ ಹೊರುವ ಹೇಸರಗತ್ತೆಗೆ ಎಷ್ಟು ದುಡ್ಡು, ಎಲ್ಲ ಇದೆ. ಯಾವ ಪರಿಸ್ಥಿತಿಯಲ್ಲಿ, ಎಷ್ಟು ಗಂಟೆಗೆ ನೀವು ನಮ್ಮನ್ನು ವಾಪಸ್ ಕರೆದುಕೊಂಡು ಬರುತ್ತೀರಿ ಎಂಬುದು ಮಾತ್ರ ಎಲ್ಲೂ ಇಲ್ಲ.

ಅದನ್ನು ಬರೆಯಿರಿ ಎಂದು ಕೇಳುವುದಕ್ಕೇ ಈ ಪತ್ರ. ಕಾರಣ, ಈ ಬೇಸಿಗೆ ಬ್ಯಾಚ್‌ಗಳ ದಾರಿಯಲ್ಲೂ ಆಗಬಹುದಾದ ಹಿಮಕುಸಿತ.

ಕರ್ನಾಟಕದಲ್ಲಿ ಹಿಮಕುಸಿತ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಸಿಯಾಚಿನ್. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ನಮ್ಮ ರಾಜ್ಯದವರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ಇಡೀ ರಾಜ್ಯ ಟಿ.ವಿ. ಮುಂದೆ ಕೂತಿತ್ತು. ಆ ನೆನಪಿನಿಂದ ನಮ್ಮ ತಲೆಯಲ್ಲಿ ಎರಡು ತಪ್ಪು ಲೆಕ್ಕ ಉಳಿದುಬಿಟ್ಟಿವೆ ಅಂತ ನನಗೆ ಅನ್ನಿಸುತ್ತದೆ. ಹಿಮಕುಸಿತ ಕಡು ಚಳಿಗಾಲದ ಸಂಗತಿ, ಸೈನಿಕರ ಸಂಗತಿ ಅನ್ನುವುದು ಒಂದು. ಹೂತುಹೋದರೂ ಮನುಷ್ಯ ದಿನಗಟ್ಟಲೆ ಬದುಕಿರಬಹುದು ಅನ್ನುವುದು ಇನ್ನೊಂದು.

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಆರು ದಿನ ಅನ್ನುವುದು ಎಲ್ಲೋ ಅಪರೂಪಕ್ಕೆ ನಡೆಯುವ ಮಾತು. ಸಾಮಾನ್ಯವಾಗಿ ಹಿಮದಡಿ ಸಿಕ್ಕವರನ್ನು ಹತ್ತು-ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿತೋ, ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಉಸಿರು ಕಟ್ಟಿಯೇ ಸಾಯುತ್ತಾರೆ, ಚಳಿಗೆ ಸಾಯುವಷ್ಟು ಹೊತ್ತೂ ಸಿಗುವುದಿಲ್ಲ. ಚಾರಣ ಶುರುವಾಗುವ ಸಾಂಕ್ರಿ ಕಡೆಯಿಂದಲೋ ಕಸೋಲ್ ಕಡೆಯಿಂದಲೋ ಹೆಲಿಕಾಪ್ಟರ್ ಕರೆಸುತ್ತೇವೆ ಎಂಬ ಭರವಸೆಗೆ ಇಲ್ಲಿ ಅರ್ಥವಿಲ್ಲ. ಪಕ್ಕದಲ್ಲಿ ನಿಂತವರು ಅಗೆಯಬೇಕು, ಅದೂ ಆಗಲೇ.

ಇನ್ನು ಮೊದಲನೆಯದು, ಚಳಿಗಾಲದ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮಲ್ಲಿ ಹಳಬರಿಗೆ ಇದೆಲ್ಲ ಗೊತ್ತು. ಆದರೆ ದುಡ್ಡು ಕಟ್ಟುವವರಿಗೆ ಗೊತ್ತಿಲ್ಲ.

ಹಿಮ ಒಂದೇ ಸಲ ಬಿದ್ದದ್ದಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಪದರ ಪದರವಾಗಿ ಬಿದ್ದಿರುತ್ತದೆ. ನಡುವೆ ಬಿಸಿಲು ಬಂದು ಮೇಲ್ಮೈ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಗಟ್ಟಿ ಪೊರೆ ಆಗಿರುತ್ತದೆ. ಅದರ ಮೇಲೆ ಇನ್ನೊಂದು ಪದರ. ಕೆಲವು ಪದರ ಒಂದಕ್ಕೊಂದು ಚೆನ್ನಾಗಿ ಅಂಟಿರುತ್ತವೆ, ಕೆಲವು ಸುಮ್ನೆ ಕೂತಿರುತ್ತವೆ ಅಷ್ಟೇ. ಚಳಿ ಇರುವ ತನಕ ಹೇಗೋ ನಿಂತಿರುತ್ತದೆ. ವಸಂತದ, ಅಂದರೆ ನಮ್ಮ ಬೇಸಿಗೆ ರಜೆಯ ಹೊತ್ತಿನ, ಬಿಸಿಲು ಜೋರಾದಾಗ ಮೇಲಿನ ಹಿಮ ಕರಗಿ ನೀರು ಕೆಳಗಿಳಿಯುತ್ತದೆ. ಹರಳು ಹರಳನ್ನು ಹಿಡಿದಿದ್ದ ಬೆಸುಗೆ ಸಡಿಲವಾಗುತ್ತದೆ. ನೀರು ಇಳಿಯುತ್ತಾ ಹೋಗಿ ಗಟ್ಟಿ ಪೊರೆಯನ್ನು ಮುಟ್ಟಿದರೆ ಅಲ್ಲೇ ಹರಡಿ ನಿಲ್ಲುತ್ತದೆ. ಮೇಲಿನ ಭಾರವೆಲ್ಲ ಈಗ ಒಂದು ಜಾರುವ ಹಾಳೆಯ ಮೇಲೆ ಕೂತಂತಾಯಿತು. ಒಣ ಹಿಮ ಕುಸಿದಷ್ಟು ವೇಗವಾಗಿ ಒದ್ದೆ ಹಿಮ ಬರುವುದಿಲ್ಲ, ನಿಜ. ಆದರೆ ಒಂದು ಘನ ಮೀಟರ್ ಒದ್ದೆ ಹಿಮ 400-500 ಕಿಲೋ ತೂಗಬಹುದು. ನಿಂತ ಮರುಕ್ಷಣ ಬಿಗಿದುಕೊಳ್ಳುತ್ತದೆ. ಸೊಂಟದವರೆಗೆ ಹೂತವರೂ ತಾವಾಗಿ ಹೊರಬರಲಾರರು.

ಎಲ್ಲ ಇಳಿಜಾರೂ ಅಪಾಯವಲ್ಲ. 30ರಿಂದ 45 ಡಿಗ್ರಿ ನಡುವೆ ಇರುವ ಇಳಿಜಾರುಗಳಲ್ಲೇ ಹೆಚ್ಚಿನ ಕುಸಿತ ಆಗುವುದು. ಅದಕ್ಕಿಂತ ಕಡಿದಾಗಿದ್ದರೆ ಹಿಮ ದಪ್ಪಗೆ ಕೂರುವುದೇ ಇಲ್ಲ, ಆಗಾಗ ಉದುರಿಹೋಗುತ್ತದೆ. ಅದಕ್ಕಿಂತ ಸಪಾಟಾಗಿದ್ದರೆ ಜಾರುವುದಿಲ್ಲ. 30 ಡಿಗ್ರಿ ಅಂದರೆ ನಮ್ಮ ಮನೆಯ ತಾರಸಿಗೆ ಹತ್ತುವ ಮೆಟ್ಟಿಲಿನ ಓಟ, ಹೆಚ್ಚುಕಡಿಮೆ ಅಷ್ಟೇ. ನೋಡಿದರೆ ಹೆದರಿಕೆ ಆಗುವಂಥದ್ದೇನಲ್ಲ. ಫೋನಿನಲ್ಲೇ ಕೋನ ಅಳೆಯಬಹುದು, ಕೋಲಿನ ಮೇಲೆ ಫೋನ್ ಇಟ್ಟು ನೋಡಿದರೆ ಆಯಿತು. ನಿಮ್ಮ ಎಷ್ಟು ಟ್ರೆಕ್ ಲೀಡರ್‌ಗಳು ಗ್ರಾಹಕರಿಗೆ ಅದನ್ನು ಮಾಡಿ ತೋರಿಸುತ್ತಾರೆ?

ಈಗ ಮುಖ್ಯ ವಿಷಯ. ಚಳಿಗಾಲದ ಅಪಾಯ ದಿನಗಟ್ಟಲೆ ಹಾಗೇ ನಿಂತಿರುತ್ತದೆ. ವಸಂತದ ಅಪಾಯಕ್ಕೆ ಗಡಿಯಾರ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಕಲ್ಲಿನಂತಿದ್ದ ಹಿಮ ಹನ್ನೊಂದಕ್ಕೆ ಮೊಣಕಾಲು ನುಂಗುತ್ತದೆ. ಅದೇ ಇಳಿಜಾರು, ಅದೇ ದಿನ. ಹಾಗಾಗಿ ಈ ದಾರಿ ಸೇಫಾ ಅಂತ ಕೇಳಿದರೆ ಪ್ರಶ್ನೆಯೇ ಅರ್ಧ. ಎಷ್ಟು ಗಂಟೆಗೆ, ಎಂಥ ರಾತ್ರಿಯ ನಂತರ ಅಂತಲೂ ಕೇಳಬೇಕು.

ರಾತ್ರಿಯ ಮಾತು ಯಾಕೆ ಅಂದರೆ, ಹಿಂದಿನ ರಾತ್ರಿ ಹಿಮ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದರ ಮೇಲೆ ಮರುದಿನವೆಲ್ಲ ನಿಂತಿದೆ. ಆಕಾಶ ತಿಳಿಯಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಮೇಲಿದ್ದರೂ ಇದು ಆಗುತ್ತದೆ. ಮೋಡ ಮುಚ್ಚಿದ್ದರೆ ಆ ಶಾಖ ಹೋಗುವುದಿಲ್ಲ, ಹಿಮ ಕಟ್ಟುವುದಿಲ್ಲ. ಟೆಂಟಿನಲ್ಲಿ ಮಲಗಿದವರಿಗೆ ಈ ರಾತ್ರಿ ಹಿತವಾಗಿರುತ್ತದೆ, 'ಇವತ್ತು ಚಳಿ ಕಮ್ಮಿ ಅಲ್ವಾ' ಅಂತ ಮಾತಾಡಿಕೊಳ್ಳುತ್ತಾರೆ. ಹಿತವಾದ ರಾತ್ರಿಯ ಮರುದಿನವೇ ಕೆಟ್ಟದ್ದು. ಹಿಮದ ಮೇಲೆ ಮಳೆ ಬಿದ್ದರಂತೂ ಇನ್ನೂ ಕೆಟ್ಟದ್ದು, ಅಪಾಯ ಬಿಸಿಲಿಗೂ ಕಾಯುವುದಿಲ್ಲ.

ಇದನ್ನು ಪರೀಕ್ಷಿಸಲು ಯಂತ್ರ ಬೇಕಿಲ್ಲ. ರಾತ್ರಿ ಎರಡಕ್ಕೋ ಮೂರಕ್ಕೋ ಲೀಡರ್ ಟೆಂಟಿನಿಂದ ಹೊರಬಂದು ಬೂಟುಗಾಲಲ್ಲಿ ಹಿಮ ತುಳಿದು ನೋಡಬೇಕು. ಕೋಲು ಚುಚ್ಚಿ ನೋಡಬೇಕು. ಮೇಲೆ ಎರಡು ಬೆರಳು ದಪ್ಪದ ಪೊರೆ ಇದ್ದು, ಕೆಳಗೆ ಮೆತ್ತಗಿದ್ದರೆ ಅದು ಕಟ್ಟಿದ ಹಿಮವಲ್ಲ. ಬೆಳಗ್ಗೆ ಎಂಟರ ಬಿಸಿಲಿಗೇ ಆ ಪೊರೆ ಒಡೆಯುತ್ತದೆ. ಐದು ನಿಮಿಷದ ಕೆಲಸ ಇದು. ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಸಮಯ ಹಾಕಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಯಾವುದಾದರೂ ಸಂಸ್ಥೆಯಲ್ಲಿ ಈ ಪದ್ಧತಿ ಇದ್ದರೆ ದಯವಿಟ್ಟು ಜಾಹೀರಾತಿನಲ್ಲಿ ಅದನ್ನೇ ದೊಡ್ಡದಾಗಿ ಹಾಕಿ, ಗುಲಾಬ್ ಜಾಮೂನಿನ ಫೋಟೋ ಬೇಡ.

ಸಮಿಟ್ ದಿನ, ಅಂದರೆ ತುದಿ ಮುಟ್ಟುವ ದಿನ, ರಾತ್ರಿ ಮೂರಕ್ಕೆ ಎಬ್ಬಿಸುತ್ತೀರಿ. ಯಾಕೆ ಅಂತ ಕೇಳಿದರೆ ಹೆಚ್ಚಿನ ಲೀಡರ್‌ಗಳು ಹೇಳುವುದು, ಸೂರ್ಯೋದಯ ನೋಡೋಕೆ. ಸೂರ್ಯೋದಯ ಚೆಂದ, ಇಲ್ಲ ಅನ್ನಲ್ಲ. ಆದರೆ ಬೇಗ ಏಳುವ ನಿಜವಾದ ಕಾರಣ, ಹಿಮ ಗಟ್ಟಿಯಿರುವಾಗಲೇ ಹತ್ತಿ ಇಳಿದುಬಿಡಬೇಕು ಎಂಬುದು. ಆ ಕಾರಣವನ್ನು ಹೇಳದೇ ಇರುವುದರ ಪರಿಣಾಮ ನೋಡಿ. ಜನ ಮೇಲೆ ಹೋಗಿ ಸೂರ್ಯೋದಯ ನೋಡುತ್ತಾರೆ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಬ್ಯಾನರ್ ಬಿಚ್ಚುತ್ತಾರೆ, ಕನ್ನಡ ಬಾವುಟ ಹಿಡಿದು ಫೋಟೋ, ರೀಲ್ಸ್, ಇನ್ನೊಂದು ಬ್ಯಾಚಿನವರ ಜೊತೆ ಫೋಟೋ. ಇಳಿಯುವುದು ಹತ್ತೂವರೆ, ಹನ್ನೊಂದಕ್ಕೆ. ಹತ್ತಲು ಹೊರಡುವ ಸಮಯ ನಿಮ್ಮ ವೇಳಾಪಟ್ಟಿಯಲ್ಲಿ ನಿಮಿಷದ ಲೆಕ್ಕದಲ್ಲಿದೆ. ಕಡಿದಾದ ಹಿಮದಿಂದ ಎಲ್ಲರೂ ಇಳಿದು ಮುಗಿಸಬೇಕಾದ ಸಮಯ ಇಲ್ಲವೇ ಇಲ್ಲ. ರೂಪಿನ್ ಪಾಸ್‌ನ ಕೆಳಗಿನ ಓಣಿಯನ್ನೇ ತೆಗೆದುಕೊಳ್ಳಿ. ಎರಡೂ ಕಡೆ ಬಂಡೆ, ನಡುವೆ ಕಡಿದಾದ ಹಿಮ. ಅಲ್ಲಿ ಮೊದಲನೆಯವನು ಎಷ್ಟು ಗಂಟೆಗೆ ಹೋದ ಎಂಬುದಕ್ಕಿಂತ ಕೊನೆಯವನು ಎಷ್ಟು ಗಂಟೆಗೆ ಹೊರಬಿದ್ದ ಎಂಬುದೇ ಲೆಕ್ಕ.

ಇನ್ನೊಂದು ಸೂಕ್ಷ್ಮ ಇದೆ, ಇದರಲ್ಲಿ ಅನುಭವಿಗಳೂ ಎಡವುತ್ತಾರೆ. ನಾವು ಕಣಿವೆಯ ತಳದಲ್ಲಿ ನೆರಳಿನಲ್ಲಿ ನಡೆಯುತ್ತಿರುತ್ತೇವೆ. ಕೈ ಮರಗಟ್ಟುವ ಚಳಿ. ಕಾಲಡಿಯ ಹಿಮ ಗಟ್ಟಿ. ಸಪಾಟು ಜಾಗ ಬೇರೆ. ಆದರೆ ತಲೆಯ ಮೇಲೆ, ಸಾವಿರ ಅಡಿ ಎತ್ತರದಲ್ಲಿ, ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಆರು ಗಂಟೆಗೇ ಬಿಸಿಲು ಬಿದ್ದಿರುತ್ತದೆ. ಆಮೇಲೆ ದಕ್ಷಿಣದ್ದಕ್ಕೆ, ಮಧ್ಯಾಹ್ನ ಪಶ್ಚಿಮದ್ದಕ್ಕೆ. ಉತ್ತರದ್ದು ಎಲ್ಲಕ್ಕಿಂತ ತಡ, ಆದರೆ ಚಳಿಗಾಲದ ದುರ್ಬಲ ಪದರಗಳನ್ನು ಅದು ಮೇ ತನಕ ಬಚ್ಚಿಟ್ಟುಕೊಂಡಿರಬಹುದು. ನಾವು ನಿಂತ ಜಾಗದ ಚಳಿ ಮೇಲಿನ ಇಳಿಜಾರಿನ ಬಗ್ಗೆ ಏನೂ ಹೇಳುವುದಿಲ್ಲ. ವಸಂತದ ಒದ್ದೆ ಕುಸಿತಕ್ಕೆ ಮನುಷ್ಯರು ಮೇಲೆ ಹೋಗಿ ತುಳಿಯಲೇಬೇಕು ಅಂತಿಲ್ಲ. ಬಿಸಿಲೇ ಸಾಕು. ಆದ್ದರಿಂದ ಮೇಲೆ ಯಾವ ಇಳಿಜಾರು ಇದೆ, ಅದು ಯಾವ ದಿಕ್ಕಿಗಿದೆ, ಅದರ ಕೆಳಗೆ ನಾವು ಎಷ್ಟು ಹೊತ್ತು ಇರುತ್ತೇವೆ, ಇದನ್ನು ನಕ್ಷೆ ನೋಡಿ ಬೆಂಗಳೂರಿನಲ್ಲೇ ಗುರುತು ಹಾಕಿಕೊಳ್ಳಬಹುದು. ನಿಮ್ಮ ಕ್ಯಾಂಪ್ ಸೈಟುಗಳಿಗೂ ಇದೇ ಮಾತು. ನೀರು ಹತ್ತಿರ ಇದೆ, ವ್ಯೂ ಚೆನ್ನಾಗಿದೆ ಅನ್ನುವುದು ಸಾಲದು.

ನಾಥು ಲಾ ದಾರಿಯಲ್ಲಿ ಏನಾಯಿತು ನೆನಪಿರಬಹುದು. 2023ರ ಏಪ್ರಿಲ್ 4. ಗ್ಯಾಂಗ್ಟಾಕ್‌ನಿಂದ ನಾಥು ಲಾಗೆ ಹೋಗುವ ರಸ್ತೆಯ 15ನೇ ಮೈಲಿ. 13ನೇ ಮೈಲಿ ತನಕ ಮಾತ್ರ ಹೋಗಲು ಪರವಾನಗಿ ಕೊಟ್ಟಿದ್ದರು, ಜನ ಮುಂದೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಹಿಮ ಬಂತು, ಏಳು ಪ್ರವಾಸಿಗರು ಸತ್ತರು. ಅವರು ಶಿಖರ ಏರಲು ಹೋದವರಲ್ಲ. ಟ್ಯಾಕ್ಸಿಯಲ್ಲಿ ಹೋಗಿ, ಇಳಿದು, ಹಿಮದಲ್ಲಿ ಆಡಲು ನಿಂತವರು.

ವಸಂತದಲ್ಲಿ ಅತಿ ಮೋಸದ ಬೆಳಗು ಯಾವುದು ಗೊತ್ತಾ? ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಪಶ್ಚಿಮದಿಂದ ಮಳೆ-ಹಿಮ ಹೊತ್ತು ತರುವ ಮಾರುತ, ಬಂದು ಎರಡು ದಿನ ಹಿಮ ಸುರಿದು, ಮೂರನೇ ದಿನ ಆಕಾಶ ನೀಲಿಯಾಗುತ್ತದಲ್ಲ, ಅದು. ಎರಡು ದಿನ ಟೆಂಟಿನಲ್ಲಿ ಮುದುಡಿ ಕೂತ ಜನ ಹೊರಬಂದು ಖುಷಿಪಡುತ್ತಾರೆ. 'ವೆದರ್ ಕ್ಲಿಯರ್ ಆಯ್ತು, ಹೊರಡೋಣ' ಅನ್ನುತ್ತಾರೆ ಲೀಡರ್. ಹೊಸ ಹಿಮ ಇನ್ನೂ ಕೂತಿಲ್ಲ, ಹಳೆಯದರ ಜೊತೆ ಅಂಟಿಲ್ಲ, ಅದರ ಮೇಲೆ ಮೊದಲ ಸಲ ಬಲವಾದ ಬಿಸಿಲು. ಎಷ್ಟೋ ಸಲ ಕರಗಿ, ಎಷ್ಟೋ ಸಲ ಹೆಪ್ಪುಗಟ್ಟಿ ಹಳೆಯದಾದ ಹಿಮ ಒಂದು ಮಟ್ಟಿಗೆ ನಂಬಿಕಸ್ಥ. ಮೊದಲ ಸಲ ಒದ್ದೆಯಾಗುತ್ತಿರುವ ಹಿಮ ಹಾಗಲ್ಲ. ಅಂಥ ದಿನ ಕಣ್ಣಿಗೆ ಕಾಣುವ ಗುರುತುಗಳೂ ಇರುತ್ತವೆ. ಬಂಡೆಯ ಬುಡದಿಂದ ಸಣ್ಣ ಹಿಮದ ಉಂಡೆಗಳು ತಾವಾಗಿ ಉರುಳತೊಡಗುತ್ತವೆ. ಬಂಡೆಗಳಿಂದ ನೀರು ತೊಟ್ಟಿಕ್ಕುತ್ತದೆ. ಕಾಲು ಮೊದಲು ಹಿಮ್ಮಡಿ ತನಕ, ಆಮೇಲೆ ಮೀನಖಂಡದ ತನಕ ಹೂಳುತ್ತದೆ. ಎದುರಿನ ಬೆಟ್ಟದಲ್ಲಿ ಹೊಸ ಕುಸಿತದ ಗೀರು ಕಾಣುತ್ತದೆ. ನಡೆಯುವಾಗ ಹಿಮದೊಳಗಿಂದ ಧುಪ್ ಅಂತ ಭಾರವಾದ ಸದ್ದು ಬಂದರಂತೂ ಮಾತಾಡುತ್ತ ನಿಲ್ಲಬಾರದು, ಬಂದ ದಾರಿ ಹಿಡಿಯಬೇಕು. ಮೊಣಕಾಲು ತನಕ ಹೂಳುತ್ತಿದೆ ಅಂದರೆ ಆಗಲೇ ತಡವಾಗಿದೆ.

ಕೆಲವು ವರ್ಷದ ಹಿಂದೆ ಹಿಮಾಚಲದ ಒಂದು ಪಾಸ್‌ನ ಕೆಳಗೆ ನಮ್ಮ ಬ್ಯಾಚು ತಂಗಿತ್ತು. ಸಂಸ್ಥೆಯ ಹೆಸರು ಬೇಡ. ರಾತ್ರಿಯಿಡೀ ಮೋಡ. ಬೆಳಗಿನ ಜಾವ ಊರಿನ ಗೈಡ್ ಹೊರಗೆ ಹೋಗಿ ಬಂದು ಲೀಡರ್‌ಗೆ ಹೇಳಿದ, ಬರಫ್ ಕಟ್ಟಿಲ್ಲ, ಇವತ್ತು ಬೇಡ. ಲೀಡರ್ ಒಳ್ಳೆಯ ಹುಡುಗ, ಅವನಿಗೂ ಅರ್ಥವಾಗಿತ್ತು. ಆದರೆ ಆ ಕ್ಯಾಂಪಿಗೆ ಮಧ್ಯಾಹ್ನ ಹಿಂದಿನ ಬ್ಯಾಚು ಬರುವುದಿತ್ತು. ನಾವು ಅಲ್ಲೇ ಉಳಿದರೆ ಅವರಿಗೆ ಟೆಂಟಿಲ್ಲ, ಮಲಗುವ ಚೀಲವಿಲ್ಲ. ಅವರು ಉಳಿದರೆ ಅವರ ಹಿಂದಿನವರಿಗಿಲ್ಲ. ಹೊರಟೆವು. ಸಾಲಾಗಿ, ಒಬ್ಬರ ಬೆನ್ನಿಗೊಬ್ಬರು, ಬಿಸಿಲು ಬಿದ್ದ ಇಳಿಜಾರಿನ ಕೆಳಗೆ ಮುಕ್ಕಾಲು ಗಂಟೆ ಕ್ಯೂ ನಿಂತೆವು. ಏನೂ ಆಗಲಿಲ್ಲ. ಸಂಜೆ ಪಕೋಡ, ಸೂಪು, ಅಂತ್ಯಾಕ್ಷರಿ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಎಲ್ಲರೂ ಐದು ಸ್ಟಾರ್ ಕೊಟ್ಟರು.

ಈ 'ಏನೂ ಆಗಲಿಲ್ಲ' ಇದೆಯಲ್ಲ, ಇದರ ಬಗ್ಗೆ ನನಗೆ ಭಯ ಜಾಸ್ತಿ. ಬೆಟ್ಟ ತಪ್ಪಿಗೆ ಪ್ರತಿಸಲ ಶಿಕ್ಷೆ ಕೊಡುವುದಿಲ್ಲ. ಹತ್ತು ಸಲ ಕೆಟ್ಟ ನಿರ್ಧಾರ ಮಾಡಿದರೂ ಹತ್ತು ಸಲ ಬಚಾವಾಗಬಹುದು. ಆ ಹತ್ತೂ ಸಲ ಲೀಡರ್‌ನ ರೆಸ್ಯೂಮೆಯಲ್ಲಿ ಅನುಭವ ಅಂತ ಸೇರಿಕೊಳ್ಳುತ್ತವೆ. ನಿಮ್ಮ ವೆಬ್‌ಸೈಟಿನಲ್ಲಿ 'ಇಷ್ಟು ಸಾವಿರ ಜನರನ್ನು ಸುರಕ್ಷಿತವಾಗಿ ಕರೆದೊಯ್ದಿದ್ದೇವೆ' ಎಂಬ ಸಾಲು ನೋಡಿದಾಗ ನನಗೆ ಕೇಳಬೇಕೆನಿಸುತ್ತದೆ: ಎಷ್ಟು ಬ್ಯಾಚುಗಳನ್ನು ನೀವಾಗಿ ವಾಪಸ್ ಕಳಿಸಿದ್ದೀರಿ? ಆ ಅಂಕಿ ಹಾಕಿ. ಅದು ಸೊನ್ನೆ ಆಗಿದ್ದರೆ ನಾನು ನಿಮ್ಮ ಜೊತೆ ಬರುವುದಿಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಗ್ರಾಹಕರೂ ಸಾಮಾನ್ಯರಲ್ಲ. ಆರು ತಿಂಗಳ ಮೊದಲೇ ರಜೆ ಹಾಕಿರುತ್ತಾರೆ, ಡೆಹ್ರಾಡೂನ್‌ನಿಂದ ವಾಪಸ್ ಫ್ಲೈಟ್ ಟಿಕೆಟ್ ತೆಗೆದಿರುತ್ತಾರೆ, ಸೋಮವಾರ ಬೆಳಗ್ಗೆ ಮೀಟಿಂಗ್ ಇರುತ್ತದೆ. ಸಮಿಟ್ ಆಗದಿದ್ದರೆ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ದುಡ್ಡು ವಾಪಸ್ ಕೇಳುತ್ತಾರೆ. ಮೇಲೆ, ಕ್ಯಾಂಪಿನಲ್ಲಿ, ಬೆಳಗಿನ ಜಾವ ಮೂರಕ್ಕೆ ಇಪ್ಪತ್ತು ಜನ ಹೀಗೆ ಕಾದು ಕೂತಿರುವಾಗ 'ಬೇಡ' ಅನ್ನುವುದು ಇಪ್ಪತ್ತಾರು ವರ್ಷದ ಲೀಡರ್‌ಗೆ ಸುಲಭವಲ್ಲ. ಅದಕ್ಕೇ ನಿಯಮವನ್ನು ಮೊದಲೇ, ಕೆಳಗೆ, ದುಡ್ಡು ಕೈ ಬದಲಾಯಿಸುವ ಮುನ್ನ ಬರೆದಿಡಿ ಅನ್ನುತ್ತಿರುವುದು. ಹಿಂದಿನ ರಾತ್ರಿ ಹಿಮ ಕಟ್ಟದಿದ್ದರೆ ಹೊರಡುವುದಿಲ್ಲ. ಹೊಸ ಹಿಮ ಬಿದ್ದ ಮೇಲೆ ಇಷ್ಟು ದಿನ ಕಾಯುತ್ತೇವೆ. ಇಂಥ ಓಣಿಯಿಂದ ಕೊನೆಯ ಮನುಷ್ಯ ಇಷ್ಟು ಗಂಟೆಯೊಳಗೆ ಹೊರಗಿರಬೇಕು, ಆಗುವುದಿಲ್ಲ ಅನ್ನಿಸಿದರೆ ಎಲ್ಲಿದ್ದೇವೋ ಅಲ್ಲಿಂದ ತಿರುಗುತ್ತೇವೆ. ಊರಿನ ಗೈಡ್ ಬೇಡ ಅಂದರೆ ಬೇಡ, ಬೆಂಗಳೂರಿನ ಆಫೀಸು ಅದನ್ನು ಬದಲಾಯಿಸುವುದಿಲ್ಲ. ಇಷ್ಟು ಸಾಕು. ಲೀಡರ್ ಆಗ ತನ್ನ ಧೈರ್ಯದ ಮೇಲೆ ನಿಲ್ಲಬೇಕಾಗಿಲ್ಲ, ಕಾಗದ ತೋರಿಸಬಹುದು.

ಕಾಗದ ಇದ್ದು ಒಂದು ದಿನ ಹೆಚ್ಚಿಗೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ಈಗಿನ ಬೇಸಿಗೆ ಪ್ಯಾಕೇಜುಗಳು ಬಸ್ಸಿನ ಟೈಮ್‌ಟೇಬಲ್ ಥರ ಇವೆ. ಒಂದು ಕಾಯುವ ದಿನ ಸೇರಿಸಿ. ಅದಕ್ಕೆ ದುಡ್ಡು ಹೆಚ್ಚಾಗುತ್ತದೆ, ಆಗಲಿ. ಮೇಲಿನ ಕ್ಯಾಂಪಿನಲ್ಲಿ ಹೆಚ್ಚುವರಿ ಟೆಂಟು, ಎರಡು ಬ್ಯಾಚಿಗೆ ಆಗುವಷ್ಟು ರೇಷನ್ ಇರಲಿ. ದಿನಕ್ಕೊಂದು ಬ್ಯಾಚು ತಳ್ಳುವುದನ್ನು ನಿಲ್ಲಿಸಿ, ಎರಡು ದಿನಕ್ಕೊಂದು ಮಾಡಿ. ನನ್ನ ಪ್ರಕಾರ ಹಿಮಾಲಯದ ಬೇಸಿಗೆ ಚಾರಣದಲ್ಲಿ ಸುರಕ್ಷತೆಯ ಅತಿ ದೊಡ್ಡ ಉಪಕರಣ ಇದೇ, ಒಂದು ಖಾಲಿ ದಿನ.

ಉಪಕರಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೂತವರನ್ನು ಹುಡುಕುವ ರೇಡಿಯೋ ಬೀಕನ್, ಚುಚ್ಚಿ ನೋಡುವ ಉದ್ದ ಸಲಾಕೆ, ಗುದ್ದಲಿ ಎಲ್ಲರಿಗೂ ಕೊಡಿ ಅಂತ ಕೆಲವರು ಒತ್ತಾಯಿಸುತ್ತಾರೆ. ಚಳಿಗಾಲದಲ್ಲಿ ಕಡಿದಾದ ಹಿಮಕ್ಕೆ ಹೋಗುವವರಿಗೆ ಬೇಕೇ ಬೇಕು. ಆದರೆ ಬಳಸಿ ಅಭ್ಯಾಸವಿಲ್ಲದ ಇಪ್ಪತ್ತು ಜನರ ಕೊರಳಿಗೆ ಮೇ ತಿಂಗಳಲ್ಲಿ ಯಂತ್ರ ನೇತುಹಾಕಿದರೆ ಅದು ಸುಮ್ನೆ ಧೈರ್ಯ ಕೊಡುತ್ತದೆ. ಒದ್ದೆ ಹಿಮವನ್ನು ಅಗೆಯುವುದು ತೀರಾ ಕಷ್ಟ. ಬೆಳಗ್ಗೆ ಎಂಟಕ್ಕೆ ಇಳಿದುಬಿಡುವುದು ಇದಕ್ಕಿಂತ ಒಳ್ಳೆಯದು. ಗುದ್ದಲಿ ಮಾತ್ರ ಪ್ರತಿ ಗೈಡ್ ಹತ್ತಿರ ಇರಲಿ.

ಮುನ್ಸೂಚನೆ ಇಲ್ಲವೇ ಅಂದರೆ, ಇದೆ. ಹಿಮಕುಸಿತ ಅಧ್ಯಯನಕ್ಕೆಂದೇ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಡಿಯಲ್ಲಿ 1969ರಿಂದ ಮನಾಲಿಯಲ್ಲಿ ಸಾಸೆ ಎಂಬ ಕೇಂದ್ರವಿತ್ತು. 2020ರಲ್ಲಿ ಅದನ್ನು ಇನ್ನೊಂದರ ಜೊತೆ ಸೇರಿಸಿ ಡಿಜಿಆರ್‌ಇ ಮಾಡಿದರು, ಈಗ ಚಂಡೀಗಢದಿಂದ ಎಚ್ಚರಿಕೆ ಬರುತ್ತದೆ. 2025ರ ಫೆಬ್ರವರಿ 28ರ ಬೆಳಗ್ಗೆ ಬದರಿನಾಥದ ಹತ್ತಿರ ಮಾಣಾದಲ್ಲಿ ರಸ್ತೆ ಕೆಲಸದವರ ಕಂಟೇನರ್‌ಗಳ ಮೇಲೆ ಹಿಮ ಕುಸಿಯಿತು. 54 ಜನ ಸಿಕ್ಕಿಹಾಕಿಕೊಂಡರು, 46 ಜನರನ್ನು ಉಳಿಸಿದರು, ಎಂಟು ಮಂದಿ ಸತ್ತರು. ಅದು ಬಿಸಿಲಿನ ಕುಸಿತವಲ್ಲ, ಭಾರೀ ಹೊಸ ಹಿಮದ್ದು. ನಾನು ಅದನ್ನು ಇಲ್ಲಿ ಹೇಳುತ್ತಿರುವುದಕ್ಕೆ ಕಾರಣ ಬೇರೆ. ಹಿಂದಿನ ದಿನ ಸಂಜೆಯೇ ಚಮೋಲಿ ಸೇರಿ ಕೆಲವು ಜಿಲ್ಲೆಗಳ 2,400 ಮೀಟರ್‌ಗಿಂತ ಎತ್ತರದ ಜಾಗಗಳಿಗೆ ಎಚ್ಚರಿಕೆ ಹೊರಟಿತ್ತು. ಎಚ್ಚರಿಕೆ ಹೊರಡುವುದು ಒಂದು, ಅದು ಟೆಂಟಿನ ಬಾಗಿಲಿಗೆ ಮುಟ್ಟಿ ಯಾರಾದರೂ ಅದರಂತೆ ನಡೆಯುವುದು ಇನ್ನೊಂದು.

ಈ ಎಚ್ಚರಿಕೆಯಲ್ಲಿ ಇರುವುದು ಜಿಲ್ಲೆ, ಎತ್ತರ, ಅಪಾಯದ ಮಟ್ಟ ತೋರಿಸುವ ಒಂದು ಬಣ್ಣ. ಸೇನೆಗೆ, ರಸ್ತೆಯವರಿಗೆ ಇಷ್ಟು ಸಾಕಾಗಬಹುದು. ಚಾರಣಿಗರಿಗೆ ಸಾಲದು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಹಿಮ ಸಂಸ್ಥೆ ಚಳಿಗಾಲದಲ್ಲಿ ದಿನಾ ಸಂಜೆ ಐದಕ್ಕೆ ಮರುದಿನದ ಹಿಮಕುಸಿತ ಮುನ್ಸೂಚನೆಯ ಪತ್ರಿಕೆ ಹೊರಡಿಸುತ್ತದೆ. ಯಾವ ದಿಕ್ಕಿನ ಇಳಿಜಾರು, ಯಾವ ಎತ್ತರದಿಂದ ಮೇಲೆ, ಒಣ ಹಿಮವೋ ಒದ್ದೆ ಹಿಮವೋ, ಹಗಲು ಏರಿದಂತೆ ಅಪಾಯ ಹೇಗೆ ಏರುತ್ತದೆ, ಎಲ್ಲ ಅದರಲ್ಲಿರುತ್ತದೆ. ಯುರೋಪಿನಲ್ಲಿ 1993ರಿಂದ ಐದು ಮಟ್ಟದ ಒಂದೇ ಅಳತೆ ಬಳಸುತ್ತಾರೆ. ಅಲ್ಲಿ ಜಾಸ್ತಿ ಜನ ಸಾಯುವುದು ಐದನೇ ಮಟ್ಟದ ದಿನಗಳಲ್ಲಲ್ಲ, ಮೂರನೇ ಮಟ್ಟದಲ್ಲಿ. ಐದಕ್ಕೆ ಎಲ್ಲರೂ ಮನೆಯಲ್ಲಿರುತ್ತಾರೆ. ಮೂರು ಅಂದರೆ ಮಧ್ಯಮ ತಾನೇ ಅಂದುಕೊಂಡು ಹೊರಡುತ್ತಾರೆ. ನಮ್ಮಲ್ಲಿ ಹಳದಿ ಬಣ್ಣ ನೋಡಿ 'ಕೆಂಪು ಇಲ್ವಲ್ಲ' ಅನ್ನುವವರು ಇದನ್ನು ಗಮನಿಸಬೇಕು. ಅಂಥ ವಿವರವಾದ ಪತ್ರಿಕೆ ಇಲ್ಲಿ ಬರುವ ತನಕ ನಿಮ್ಮ ಲೀಡರ್‌ನ ಬೂಟುಗಾಲೇ ನಿಮ್ಮ ಮುನ್ಸೂಚನೆ.

ಈಗ ರಾಜ್ಯ ಸರ್ಕಾರಕ್ಕೆ, ವಿಶೇಷವಾಗಿ ಪ್ರವಾಸೋದ್ಯಮ ಇಲಾಖೆಗೆ ಮತ್ತು ಯುವ ಸಬಲೀಕರಣ ಹಾಗೂ ಕ್ರೀಡಾ ಇಲಾಖೆಗೆ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಇಲ್ಲಿಂದ ಹೋದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಸತ್ತಾಗ, ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೇ ಹೋಗಿ ನಿಂತರು. ಉಳಿದವರು ಬೇಗ ಮನೆಗೆ ಬಂದರು. ಅದಕ್ಕೆ ಕೃತಜ್ಞತೆ ಇದೆ. ಅದು ಹಿಮಕುಸಿತವಲ್ಲ. ಆದರೆ ಅಲ್ಲೂ ಉಳಿದ ಪ್ರಶ್ನೆ ಇದೇ: ಆಕಾಶ ನೋಡಿ ಬೇಡ ಅನ್ನುವ ಅಧಿಕಾರ ಯಾರಿಗಿರಬೇಕು, ಎಷ್ಟು ಹೊತ್ತಿಗೆ?

ಕುದುರೆಮುಖಕ್ಕೋ ಕುಮಾರ ಪರ್ವತಕ್ಕೋ ಹೋಗಬೇಕಾದರೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಬೆಂಗಳೂರಿನಲ್ಲಿ ದುಡ್ಡು ಕಟ್ಟಿಸಿಕೊಂಡು 15,000 ಅಡಿಗೆ ಜನರನ್ನು ಕರೆದೊಯ್ಯುವವರನ್ನು ಇಲ್ಲಿ ಏನಾದರೂ ಕೇಳುವುದು ಬೇಡವೇ? ಬೆಟ್ಟ ಬೇರೆ ರಾಜ್ಯದ್ದು, ನಿಜ. ವ್ಯವಹಾರ ಇಲ್ಲಿಯದು. ದೊಡ್ಡ ಕಾನೂನೇನೂ ಬೇಡ. ಹಿಮದ ಮೇಲೆ ಚಾರಣ ನಡೆಸುವವರು ಹೆಸರು ನೋಂದಾಯಿಸಲಿ, ತಮ್ಮ ವಾಪಸಾತಿ ನಿಯಮವನ್ನು ಗ್ರಾಹಕರಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡಲಿ. ಅಷ್ಟು ಮಾಡಿಸಿ.

ರಾಜ್ಯದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಫೆಬ್ರವರಿ, ಮಾರ್ಚಿನಲ್ಲಿ ಅಲ್ಲಿ ಅರ್ಧ ದಿನದ ಹಿಮದ ಪಾಠ ಇಡಿ. ಬೆಂಗಳೂರಲ್ಲದೆ ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇಡಿ. ಕೋನ ಅಳೆಯುವುದು, ದಿಕ್ಕು ನೋಡುವುದು, ಬೀಕನ್ ಎಂದರೇನು, ಎಲ್ಲವನ್ನೂ ಹಿಮವಿಲ್ಲದ ಊರಿನಲ್ಲೇ ಕಲಿಸಬಹುದು. ಕಾಲೇಜು ಹುಡುಗರು ಖಂಡಿತ ಬರುತ್ತಾರೆ. ಯಲಹಂಕದ ವಿಪತ್ತು ಉಸ್ತುವಾರಿ ಕೇಂದ್ರದವರು ರೈತರಿಗಾಗಿ ವರುಣಮಿತ್ರ ಸಹಾಯವಾಣಿ ನಡೆಸುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ಸುದ್ದಿ ಫೋನಿನಲ್ಲಿ ಸಿಗುತ್ತದೆ. ಅಷ್ಟು ಚೆನ್ನಾಗಿ ಮಾಡಬಲ್ಲವರು, ಚಂಡೀಗಢದ ಎಚ್ಚರಿಕೆಯನ್ನು ಏಪ್ರಿಲ್, ಮೇನಲ್ಲಿ ನಮ್ಮ ನೋಂದಾಯಿತ ತಂಡಗಳ ಫೋನಿಗೆ ಎರಡು ಸಾಲು ಕನ್ನಡದಲ್ಲಿ ಕಳಿಸಲಾರರೇ?

ಚಾರಣಕ್ಕೆ ಹೋಗುವ ಗೆಳೆಯರಿಗೂ ಒಂದು ಮಾತು. ವಾಪಸ್ ಟಿಕೆಟನ್ನು ಟ್ರೆಕ್ ಮುಗಿಯುವ ದಿನ ಸಂಜೆಗೆ ಬುಕ್ ಮಾಡಬೇಡಿ, ಎರಡು ದಿನ ಬಿಡಿ. ಲೀಡರ್ ವಾಪಸ್ ಕರೆದುಕೊಂಡು ಬಂದರೆ ಐದು ಸ್ಟಾರ್ ಕೊಡಿ, ಯಾಕೆ ಬಂದೆವು ಅಂತ ರಿವ್ಯೂನಲ್ಲಿ ಬರೆಯಿರಿ. ಅವನ ಕೆಲಸ ಉಳಿಯುವುದು ಅದರಿಂದ.

ಮೇ ಎರಡನೇ ವಾರದ ರೂಪಿನ್ ಪಾಸ್ ಬ್ಯಾಚಿಗೆ ನಾನು ಹೆಸರು ಕೊಡಬೇಕೆಂದಿದ್ದೇನೆ. ಮೂರು ಸಂಸ್ಥೆಗಳಿಗೆ ಒಂದೇ ಮೇಲ್ ಕಳಿಸಿದ್ದೇನೆ. ಪಾಸ್‌ನ ಕೆಳಗಿನ ಓಣಿಯಿಂದ ಕೊನೆಯವರು ಎಷ್ಟು ಗಂಟೆಗೆ ಹೊರಗಿರಬೇಕು ಅಂತ ನಿಮ್ಮ ನಿಯಮ, ರಾತ್ರಿ ಹಿಮ ಕಟ್ಟದಿದ್ದರೆ ಕಾಯಲು ದಿನ ಇದೆಯೇ, ಕಳೆದ ಸೀಸನ್‌ನಲ್ಲಿ ಎಷ್ಟು ಬ್ಯಾಚು ತಿರುಗಿ ಬಂದವು. ಈ ಮೂರಕ್ಕೆ ಲಿಖಿತ ಉತ್ತರ ಯಾರಿಂದ ಮೊದಲು ಬರುತ್ತದೋ ಅವರಿಗೆ ಅಡ್ವಾನ್ಸ್ ಕಳಿಸುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಚಾರಣಿಗ